ಬೆಟ್ಟ, ಹಳೇ ಕಟ್ಟಡ, ಹೊಸ ಬಾಳು ಕಂಡ ಜಾಗ: ಯಾವುದಕ್ಕೆ ಯಾವ ಲೆನ್ಸ್, ಯಾವ ಬೆಳಕು?

ಹವ್ಯಾಸಕ್ಕೆ ಫೋಟೋ ತೆಗೆಯುವವರಲ್ಲಿ ಒಂದು ಬಗೆಯವರಿದ್ದಾರೆ. ಅವರಿಗೆ ಬೆಟ್ಟ ಕಣಿವೆಯೂ ಬೇಕು, ಹಳೇ ಕಟ್ಟಡವೂ ಬೇಕು. ವಿದ್ಯುತ್ ಸ್ಥಾವರ ಹೋಗಿ ಕಲಾ ಗ್ಯಾಲರಿಯಾದ ಜಾಗ, ಚರ್ಚ್ ಹೋಗಿ ಪುಸ್ತಕದಂಗಡಿಯಾದ ಜಾಗವೂ ಬೇಕು. ನನ್ನದೂ ಅದೇ ಗುಂಪು. ಈ ಮೂರೂ ಎಲ್ಲಿಗೂ ಓಡಿಹೋಗುವುದಿಲ್ಲ, ನಮಗಾಗಿ ಕಾಯುತ್ತವೆ. ಹಾಗಾಗಿ ಮೂರಕ್ಕೂ ಒಂದೇ ಸಲಕರಣೆ, ಒಂದೇ ವಿಧಾನ ಸಾಕು ಅನ್ನಿಸುವುದು ಸಹಜ.

ಆದರೆ ಸಾಕಾಗುವುದಿಲ್ಲ. ಬೆಟ್ಟದೆದುರು ನೀವು ಎಷ್ಟು ಬೇಕಾದರೂ ಹಿಂದೆ ಸರಿಯಬಹುದು. ಹಳೇ ಕಟ್ಟಡ ಇರುವುದು ಹೆಚ್ಚಾಗಿ ಇಕ್ಕಟ್ಟಾದ ಬೀದಿಯಲ್ಲಿ, ಹತ್ತು ಹೆಜ್ಜೆ ಹಿಂದೆ ಹೋದರೆ ಬೆನ್ನಿಗೆ ಎದುರುಮನೆ ಗೋಡೆ. ರೂಪ ಬದಲಿಸಿದ ಕಟ್ಟಡದ ಒಳಗಂತೂ ನಾಲ್ಕೂ ಕಡೆ ಗೋಡೆಯೇ. ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳುವವರಿಗೆಲ್ಲ ನಾನು ಮೊದಲು ಹೇಳುವುದು ಇಷ್ಟೇ: ನಿಲ್ಲುವ ಜಾಗ ಮೊದಲು, ಲೆನ್ಸ್ ಆಮೇಲೆ, ಕ್ಯಾಮೆರಾ ಕೊನೆಗೆ. ಇಲ್ಲೂ ಅದೇ ಕ್ರಮದಲ್ಲಿ ಹೋಗೋಣ.

ಹತ್ತಿರದ್ದು ಎಷ್ಟು ದೊಡ್ಡದಾಗಿ, ದೂರದ್ದು ಎಷ್ಟು ಚಿಕ್ಕದಾಗಿ ಕಾಣಬೇಕು ಅನ್ನುವುದನ್ನು ತೀರ್ಮಾನಿಸುವುದು ನೀವು ನಿಂತ ಜಾಗ, ಲೆನ್ಸ್ ಅಲ್ಲ. ಆ ನೋಟದಲ್ಲಿ ಎಷ್ಟು ಭಾಗ ಚೌಕಟ್ಟಿನೊಳಗೆ ಬರಬೇಕು ಅನ್ನುವುದಷ್ಟೇ ಲೆನ್ಸಿನ ಕೆಲಸ. ಲೆನ್ಸಿನ ಎಂಎಂ ಅಂಕಿ ಚಿಕ್ಕದಾದಷ್ಟು ನೋಟ ಅಗಲ (ವೈಡ್), ದೊಡ್ಡದಾದಷ್ಟು ಕಿರಿದು (ಟೆಲಿ). ನಂಬಿಕೆ ಬರದಿದ್ದರೆ ಟ್ರೈಪಾಡ್ ಕದಲಿಸದೆ 24 ಎಂಎಂನಲ್ಲಿ ಒಂದು, 70 ಎಂಎಂನಲ್ಲಿ ಒಂದು ಫೋಟೋ ತೆಗೆದು ನೋಡಿ. ಮೊದಲನೆಯದರ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿದರೆ ಎರಡನೆಯದೇ ಸಿಗುತ್ತದೆ, ಸ್ಪಷ್ಟತೆ ಮಾತ್ರ ಕಡಿಮೆ. (ಇಲ್ಲಿ ಕೊಡುವ ಎಂಎಂ ಲೆಕ್ಕವೆಲ್ಲ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಫುಲ್ ಫ್ರೇಮ್ ಕ್ಯಾಮೆರಾದ್ದು. ನಿಮ್ಮದು ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿ ಆಗಿದ್ದರೆ 1.5ರಿಂದ ಭಾಗಿಸಿ. 24 ಎಂಎಂ ಅಂದರೆ ನಿಮಗೆ 16 ಎಂಎಂ.)

ಬೆಟ್ಟ ಕಣಿವೆಗೆ: ವೈಡ್ ಅಥವಾ ಟೆಲಿ?

ನಿಸರ್ಗ ಅಂದರೆ ವೈಡ್ ಲೆನ್ಸ್ ಅಂತ ಒಂದು ಮಾತು ಬೇರೂರಿಬಿಟ್ಟಿದೆ. 24 ಎಂಎಂ ಲೆನ್ಸಿಗೆ ಅಡ್ಡಡ್ಡಲಾಗಿ ಸುಮಾರು 74 ಡಿಗ್ರಿ ಕಾಣುತ್ತದೆ. 200 ಎಂಎಂಗೆ ಕಾಣುವುದು ಬರೀ 10 ಡಿಗ್ರಿ. ಜಾಸ್ತಿ ಕಂಡರೆ ಒಳ್ಳೆಯದೇ ಅಲ್ವಾ ಅನ್ನಬಹುದು. ಆದರೆ ಕಣ್ಣಿಗೆ ಎದೆ ನಡುಗಿಸುವಷ್ಟು ಎತ್ತರ ಕಂಡ ಬೆಟ್ಟ 74 ಡಿಗ್ರಿಯ ಚೌಕಟ್ಟಿನಲ್ಲಿ ಸಣ್ಣ ದಿಬ್ಬವಾಗಿ ಕೂರುತ್ತದೆ. ಉಳಿದ ಜಾಗವನ್ನೆಲ್ಲ ಆಕಾಶ ಮತ್ತು ಬರೀ ನೆಲ ತಿಂದುಹಾಕುತ್ತವೆ.

ವೈಡ್ ಲೆನ್ಸ್ ಕೆಲಸಕ್ಕೆ ಬರುವುದು ಕಾಲ ಬುಡದಲ್ಲೇ ನೋಡುವಂಥದ್ದು ಏನಾದರೂ ಇದ್ದಾಗ: ಬಿರುಕು ಬಿಟ್ಟ ಬಂಡೆ, ನೀರು ಹರಿದ ಗುರುತು, ಕೊಯ್ಲಾದ ಗದ್ದೆಯ ಕೂಳೆ. ಅಂಥದ್ದಕ್ಕೆ ಬಗ್ಗಿ ಹತ್ತಿರ ಹೋಗಬೇಕು, ಒಂದು ಮೀಟರ್ ದೂರಕ್ಕೆ. ಆಗ ಫೋಕಸ್ ಎಲ್ಲಿಡಬೇಕು ಅನ್ನುವ ಗೊಂದಲ ಬರುತ್ತದೆ. 24 ಎಂಎಂ ಲೆನ್ಸನ್ನು ಎಫ್/8ರಲ್ಲಿ (ಎಫ್ ಅಂಕಿ ದೊಡ್ಡದಾದಷ್ಟು ಲೆನ್ಸಿನ ಕಿಂಡಿ ಸಣ್ಣದು) ಸುಮಾರು 2.4 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ 1.2 ಮೀಟರಿನಿಂದ ದಿಗಂತದವರೆಗೆ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಇನ್ನೂ ಹತ್ತಿರದ್ದು ಬೇಕಾದರೆ ಎಫ್/11. ಅದಕ್ಕಿಂತ ಮುಂದೆ, ಎಫ್/22ರವರೆಗೆ ಹೋಗಬೇಡಿ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಹರಡಿ, ಇಡೀ ಫೋಟೋ ಸ್ವಲ್ಪ ಮಂಕಾಗುತ್ತದೆ. 1932ರಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಮತ್ತು ಗೆಳೆಯರು ತಮ್ಮ ಗುಂಪಿಗೆ ಎಫ್/64 ಅಂತ ಹೆಸರಿಟ್ಟುಕೊಂಡಿದ್ದು ನಿಜ. ಆದರೆ ಅವರು ಬಳಸುತ್ತಿದ್ದುದು ಅಂಗೈಗಿಂತ ದೊಡ್ಡ ಫಿಲ್ಮ್ ಹಾಳೆ. ಆ ಅಳತೆಗೆ ಎಫ್/64 ನಡೆಯುತ್ತದೆ, ನಮ್ಮ ಸಣ್ಣ ಸೆನ್ಸರಿಗೆ ನಡೆಯುವುದಿಲ್ಲ.

ಹತ್ತಿರದಲ್ಲಿ ಏನೂ ಇಲ್ಲದಿದ್ದರೆ 70-200 ಅಥವಾ ಅಂಥದ್ದೇ ಒಂದು ಟೆಲಿ ಝೂಮ್ ಎಷ್ಟೋ ವಾಸಿ. ಒಂದರ ಹಿಂದೆ ಒಂದು ಸಾಲು ಬೆಟ್ಟ, ಪ್ರತಿ ಸಾಲೂ ತನ್ನ ಮುಂದಿರುವುದಕ್ಕಿಂತ ತೆಳು ನೀಲಿ. ಈ ನೋಟವನ್ನು ಉಳಿದೆಲ್ಲದರಿಂದ ಬಿಡಿಸಿ ತರುವುದು ಟೆಲಿಯೇ. ಒಂದೇ ಲೆನ್ಸ್ ಹೊತ್ತು ಬೆಟ್ಟ ಹತ್ತಬೇಕೆಂದರೆ ನಾನು ಟೆಲಿಯನ್ನೇ ಒಯ್ಯುತ್ತೇನೆ. ವೈಡ್ ನೋಟಕ್ಕೆ ಜೇಬಿನಲ್ಲಿ ಫೋನ್ ಹೇಗೂ ಇರುತ್ತದೆ.

ಹಳೇ ಕಟ್ಟಡಕ್ಕೆ: ಗೋಡೆ ನೆಟ್ಟಗೆ ನಿಲ್ಲಿಸಲು ನಾಲ್ಕು ದಾರಿ

ಕಟ್ಟಡದ ಮುಂದೆ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದ ಕೂಡಲೇ ಗೋಡೆಗಳು ಒಂದರ ಕಡೆಗೊಂದು ವಾಲುತ್ತವೆ. ಕಟ್ಟಡ ಹಿಂದಕ್ಕೆ ಬೀಳುತ್ತಿರುವ ಹಾಗೆ ಕಾಣುತ್ತದೆ. ಗೋಪುರದ ಬುಡದಲ್ಲಿ ನಿಂತು ನೇರ ಮೇಲಕ್ಕೆ ತೆಗೆದರೆ ಆ ವಾಲುವಿಕೆಯೇ ಚಂದ. ಆದರೆ ಕಟ್ಟಡವನ್ನು ಕಟ್ಟಿದವರು ಅಂದುಕೊಂಡ ಹಾಗೆ ತೋರಿಸಬೇಕಾದರೆ ಗೋಡೆ ನೆಟ್ಟಗೆ ನಿಲ್ಲಲೇಬೇಕು. ಅರೆಬರೆ ವಾಲಿದ್ದು ಮಾತ್ರ ಯಾವತ್ತೂ ಚಂದ ಕಾಣುವುದಿಲ್ಲ. ಇದಕ್ಕೆ ನಾಲ್ಕು ದಾರಿಗಳಿವೆ.

ಒಂದು, ಮೇಲೆ ಹತ್ತುವುದು. ಎದುರಿನ ಕಟ್ಟಡದ ಎರಡನೇ ಮಹಡಿ, ಹೊರಮೆಟ್ಟಿಲು, ದಿಬ್ಬ ಹೀಗೆ ಏನಾದರೂ ಸಿಗುತ್ತದಾ ನೋಡಿ. ಕಟ್ಟಡದ ಅರ್ಧ ಎತ್ತರಕ್ಕೆ ನೀವು ಬಂದರೆ ಕ್ಯಾಮೆರಾ ಎತ್ತುವ ಅಗತ್ಯವೇ ಬರುವುದಿಲ್ಲ. ಇದಕ್ಕೆ ಖರ್ಚಿಲ್ಲ, ಕೇಳುವ ಧೈರ್ಯ ಸಾಕು. ನಾಲ್ಕರಲ್ಲಿ ನನಗೆ ಅತ್ಯಂತ ಇಷ್ಟದ ದಾರಿ ಇದು. ಕೆಳಗಿನಿಂದ ಕಾಣದ ಮಾಡಿನ ಹಂಚು, ಕಿಟಕಿಯ ಮೇಲಿನ ಕೆತ್ತನೆ ಎಲ್ಲ ನೇರ ಕಣ್ಣಿನ ಮಟ್ಟಕ್ಕೆ ಬರುತ್ತವೆ.

ಎರಡು, ಕ್ಯಾಮೆರಾ ಎತ್ತದೆ ಮಟ್ಟವಾಗಿಯೇ ಹಿಡಿದು ಆಮೇಲೆ ಕತ್ತರಿಸುವುದು. ವೈಡ್ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, ಮಟ್ಟಗೋಲಿನ ಗುರುತು ನೋಡಿ ನೇರ ಮಾಡಿ. ಕಟ್ಟಡ ಚೌಕಟ್ಟಿನ ಮೇಲರ್ಧಕ್ಕೆ ಬರುತ್ತದೆ, ಕೆಳಗರ್ಧ ಪೂರ್ತಿ ರಸ್ತೆ. ಆ ರಸ್ತೆಯನ್ನು ಕತ್ತರಿಸಿ ಬಿಸಾಕಿ. 24 ಮೆಗಾಪಿಕ್ಸೆಲ್ ಫೋಟೋ ಅಂದರೆ 4000 ಅಗಲ, 6000 ಎತ್ತರ. ಕೆಳಗಿನ 2000 ತೆಗೆದರೂ 4000 × 4000 ಉಳಿಯುತ್ತದೆ. ಇಂಚಿಗೆ 300 ಚುಕ್ಕಿ ಲೆಕ್ಕದಲ್ಲಿ 13 ಇಂಚಿನ ಚೌಕ ಪ್ರಿಂಟ್ ಸಲೀಸಾಗಿ ಬರುತ್ತದೆ.

ಮೂರು, ಸಾಫ್ಟ್‌ವೇರ್. ಲೈಟ್‌ರೂಮ್, ಡಾರ್ಕ್‌ಟೇಬಲ್, ರಾಥೆರಪಿ, ಗಿಂಪ್ ಎಲ್ಲದರಲ್ಲೂ ವಾಲಿದ್ದನ್ನು ನೆಟ್ಟಗೆ ಮಾಡುವ ಸೌಲಭ್ಯವಿದೆ. ಮೇಲ್ಭಾಗವನ್ನು ಅಡ್ಡಕ್ಕೆ ಎಳೆದು ಹಿಗ್ಗಿಸುವುದೇ ಅದರ ಉಪಾಯ. ಹಿಗ್ಗಿದ ಕಡೆ ವಿವರ ತೆಳುವಾಗುತ್ತದೆ, ಎರಡೂ ಬದಿಯ ಮೇಲ್ಮೂಲೆಗಳು ಚೌಕಟ್ಟಿನಿಂದ ಆಚೆ ಹೋಗುತ್ತವೆ. ಹಾಗಾಗಿ ಫೋಟೋ ತೆಗೆಯುವಾಗಲೇ ಸುತ್ತ ಧಾರಾಳವಾಗಿ ಜಾಗ ಬಿಡಿ. ಸ್ವಲ್ಪ ಎತ್ತಿ ತೆಗೆದಿದ್ದಕ್ಕೆ ಈ ದಾರಿ ಚೆನ್ನಾಗಿದೆ. ತೀರಾ ಎತ್ತಿ ತೆಗೆದಿದ್ದನ್ನು ಪೂರ್ತಿ ನೇರ ಮಾಡಿದರೆ ಕಟ್ಟಡದ ತಲೆ ದಪ್ಪಗಾಗಿ, ಅಳತೆಯೇ ಕೆಟ್ಟುಹೋಗುತ್ತದೆ. ಅಂಥ ಕಡೆ ಒಂದು ಚೂರು ವಾಲುವಿಕೆ ಉಳಿಸಿದರೆ ಕಣ್ಣಿಗೆ ಹಿತ.

ನಾಲ್ಕು, ಶಿಫ್ಟ್ ಲೆನ್ಸ್. ಇದರಲ್ಲಿ ಕ್ಯಾಮೆರಾ ಮಟ್ಟವಾಗಿಯೇ ಇರುತ್ತದೆ, ಲೆನ್ಸ್ ಮಾತ್ರ ಮೇಲಕ್ಕೆ ಜಾರುತ್ತದೆ. ಕ್ಯಾನನ್ನಿನ 24 ಎಂಎಂ ಶಿಫ್ಟ್ ಲೆನ್ಸಿನ 2009ರ ಆವೃತ್ತಿ 12 ಮಿಲಿಮೀಟರ್ ಜಾರುತ್ತದೆ. ಫುಲ್ ಫ್ರೇಮ್ ಸೆನ್ಸರಿನ ಎತ್ತರ 24 ಮಿಲಿಮೀಟರ್. ಅಂದರೆ ಅಡ್ಡ ಚೌಕಟ್ಟಿನ ನಡುವೆ ಇದ್ದ ದಿಗಂತ ಕೆಳ ಅಂಚಿಗೇ ಬಂದು ಕೂರುತ್ತದೆ, ಇಡೀ ಚೌಕಟ್ಟು ಕಟ್ಟಡಕ್ಕೆ ಸಿಗುತ್ತದೆ. ಒಂದು ಪಿಕ್ಸೆಲ್ ಕೂಡ ಕತ್ತರಿಸಬೇಕಾಗಿಲ್ಲ.

ಈ ಉಪಾಯ ಹಳೆಯದು. ಹಳೇ ಪ್ಯಾರಿಸ್ಸಿನ ಬೀದಿ ಬಾಗಿಲುಗಳನ್ನು ತಾನು 1927ರಲ್ಲಿ ಸಾಯುವವರೆಗೂ ದಾಖಲಿಸಿದ ಯೂಜೀನ್ ಅಟ್ಜೆ ಬಳಸಿದ್ದು 18 × 24 ಸೆಂಟಿಮೀಟರ್ ಗಾಜಿನ ಪ್ಲೇಟ್ ಹಾಕುವ ಮರದ ಕ್ಯಾಮೆರಾ. ಅದರಲ್ಲಿ ಲೆನ್ಸ್ ಕೂತ ಮುಂಭಾಗವನ್ನೇ ಮೇಲಕ್ಕೆ ಸರಿಸಬಹುದಿತ್ತು. ಅವರ ಎಷ್ಟೋ ಫೋಟೋಗಳ ಮೇಲಿನ ಮೂಲೆಗಳು ಕಮಾನಿನ ಹಾಗೆ ಕಪ್ಪಾಗಿವೆ, ಗಮನಿಸಿ. ಲೆನ್ಸನ್ನು ಅದರ ಬೆಳಕು ತಲುಪುವ ಮಿತಿಗಿಂತ ಮೇಲಕ್ಕೆ ಸರಿಸಿದ ಗುರುತು ಅದು. ಮೂಲೆ ಕಪ್ಪಾದರೂ ಚಿಂತೆಯಿಲ್ಲ, ಗೋಡೆ ನೆಟ್ಟಗಿರಬೇಕು ಅನ್ನುವುದು ಆ ಮನುಷ್ಯನ ಆಯ್ಕೆ. ಆ ಮೂಲೆಗಳನ್ನು ಕಂಡಾಗಲೆಲ್ಲ ನನಗೆ ಅಪಾರ ಗೌರವ ಮೂಡುತ್ತದೆ.

ಹಾಗಂತ ಎಲ್ಲರಿಗೂ ಶಿಫ್ಟ್ ಲೆನ್ಸ್ ಬೇಕಾ? ಇಲ್ಲ. ಅದು ದುಬಾರಿ, ಭಾರ, ಫೋಕಸ್ ಸಾಮಾನ್ಯವಾಗಿ ಕೈಯಲ್ಲೇ ಮಾಡಬೇಕು. ನೀವು ತೆಗೆಯುವುದರಲ್ಲಿ ಮುಕ್ಕಾಲು ಪಾಲು ಕಟ್ಟಡವೇ ಆಗಿದ್ದರೆ ಯೋಚಿಸಿ. ಇಲ್ಲದಿದ್ದರೆ ಎರಡನೇ ದಾರಿಯನ್ನು ರೂಢಿ ಮಾಡಿಕೊಂಡು, ಉಳಿದ ಸಣ್ಣಪುಟ್ಟ ಓರೆಯನ್ನು ಸಾಫ್ಟ್‌ವೇರಿಗೆ ಬಿಡಿ.

ಬೆಳಕು: ಬಿಸಿಲು, ಮೋಡ, ಮುಸ್ಸಂಜೆ

ಬೆಟ್ಟಕ್ಕೆ ಎಳೆಬಿಸಿಲು ಅಥವಾ ಇಳಿಬಿಸಿಲು. ಇದರಲ್ಲಿ ಚರ್ಚೆ ಮಾಡುವಂಥದ್ದು ಏನಿಲ್ಲ. ಸೂರ್ಯ ಕೆಳಗಿದ್ದಾಗ ನೆಲದ ಉಬ್ಬುತಗ್ಗಿಗೆಲ್ಲ ನೆರಳು ಬಂದು ಆಕಾರ ಎದ್ದು ಕಾಣುತ್ತದೆ.

ಕಟ್ಟಡದ ವಿಷಯದಲ್ಲಿ ಮಾತ್ರ ನಿಜವಾದ ಆಯ್ಕೆ ಇದೆ. ಕೆತ್ತನೆ, ಗಾರೆ ಕೆಲಸ, ಇಟ್ಟಿಗೆಯ ಸಾಲು ತೋರಿಸಬೇಕಾದರೆ ಗೋಡೆಯನ್ನು ಸವರಿಕೊಂಡು ಹೋಗುವ ಓರೆ ಬಿಸಿಲು ಬೇಕು. ಅದು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಸಿಗುತ್ತದೆ, ಹಾಗಾಗಿ ಕಟ್ಟಡದ ಮುಖ ಯಾವ ದಿಕ್ಕಿಗಿದೆ ಅಂತ ನಕ್ಷೆಯಲ್ಲಿ ಮೊದಲೇ ನೋಡಿಕೊಂಡು ಹೋಗಿ. ಪೂರ್ವಕ್ಕೆ ಮುಖ ಮಾಡಿದ್ದಕ್ಕೆ ಸಂಜೆ ಹೋದರೆ ಹಿಂದೆ ಹೊಳೆಯುವ ಆಕಾಶ, ಮುಂದೆ ಕಪ್ಪು ಗೋಡೆ.

ಕಟ್ಟಡದ ಒಟ್ಟು ಆಕಾರ ಮುಖ್ಯವಾದರೆ ಮೋಡವೇ ಮೇಲು. ಜರ್ಮನಿಯ ಬರ್ನ್ಡ್ ಮತ್ತು ಹಿಲ್ಲಾ ಬೆಹರ್ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಟ್ಯಾಂಕಿ, ಕಲ್ಲಿದ್ದಲು ಗಣಿಯ ಗೋಪುರ, ಅನಿಲದ ಸಂಗ್ರಹಾಗಾರಗಳನ್ನು ದೊಡ್ಡ ಕ್ಯಾಮೆರಾದಲ್ಲಿ ಸೆರೆಹಿಡಿದರು. ಮೋಡ ಕವಿದ, ನೆರಳೇ ಬೀಳದ ಬೆಳಕು ಅವರ ನಿಯಮ. ಒಂದೇ ಬಗೆಯ ಕಟ್ಟಡಗಳನ್ನು ಒಂದೇ ದೃಷ್ಟಿಕೋನದಿಂದ ತೆಗೆದು ಸಾಲಾಗಿ ಜೋಡಿಸಿದಾಗ ಪ್ರತಿಯೊಂದರ ವ್ಯತ್ಯಾಸ ತಾನಾಗಿ ಕಾಣುತ್ತಿತ್ತು. 1990ರಲ್ಲಿ ವೆನಿಸ್ ಬಿಯೆನಾಲೆ ಎಂಬ ಕಲಾ ಮೇಳ ಅವರಿಗೆ ಕೊಟ್ಟ ಪ್ರಶಸ್ತಿ ಶಿಲ್ಪಕಲೆಗೆ! ಆಕಾರವನ್ನು ಅಷ್ಟು ಗಟ್ಟಿಯಾಗಿ ತೋರಿಸಿದ್ದರು. ಒಂದೇ ಥರದ ಕಟ್ಟಡಗಳ ಸರಣಿ ಮಾಡುವ ಆಸೆ ನಿಮಗಿದ್ದರೆ ಮೋಡದ ದಿನಗಳನ್ನೇ ಆರಿಸಿ. ಬಿಸಿಲಿಗೆ ಹೊಂದಿಸಿಕೊಂಡು ಸರಣಿ ಮುಗಿಸುವುದು ಬಹಳ ಕಷ್ಟ.

ಹಳೇ ಗೋಡೆಗೆ ಹೊಸ ಗಾಜು, ಹೊಸ ದೀಪ ಸೇರಿದ ಕಟ್ಟಡವನ್ನು ಹೊರಗಿನಿಂದ ತೆಗೆಯುವುದಾದರೆ ಮುಸ್ಸಂಜೆಗೆ ಸಾಟಿಯಿಲ್ಲ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾದ ಮೇಲೆ ಆಕಾಶದ ನೀಲಿಯೂ ಒಳಗಿನ ದೀಪವೂ ಒಂದೇ ತೂಕಕ್ಕೆ ಬರುತ್ತವೆ. ಹಗಲಲ್ಲಿ ಗಾಜು ಎದುರಿನ ಬೀದಿಯನ್ನಷ್ಟೇ ತೋರಿಸುತ್ತದೆ, ರಾತ್ರಿ ಹಳೇ ಗೋಡೆ ಕತ್ತಲಲ್ಲಿ ಮಾಯ. ಈ ನಡುವಿನ ಹೊತ್ತಿನಲ್ಲಿ ಎರಡೂ ಕಾಣುತ್ತವೆ. ಅರ್ಧ ಗಂಟೆ ಮೊದಲೇ ಹೋಗಿ ಚೌಕಟ್ಟು ಹೊಂದಿಸಿ ಕಾಯಿರಿ.

ರೂಪ ಬದಲಿಸಿದ ಜಾಗಕ್ಕೆ: ಇಡೀ ನೋಟವೋ, ಸಣ್ಣ ವಿವರವೋ?

ಇದು ನನಗೆ ಮೂರರಲ್ಲೂ ಹತ್ತಿರದ ವಿಷಯ. ಇಲ್ಲಿ ಫೋಟೋ ಚಂದ ಬಂದರೆ ಸಾಲದು. ಈ ಜಾಗ ಮೊದಲು ಏನಾಗಿತ್ತು, ಈಗ ಏನಾಗಿದೆ ಅನ್ನುವುದು ಒಂದೇ ಚೌಕಟ್ಟಿನಲ್ಲಿ ಗೊತ್ತಾಗಬೇಕು. ಬರೀ ಹೊಸ ಕೆಫೆ ಕಂಡರೆ ಅದು ಯಾವುದೋ ಒಂದು ಕೆಫೆ, ಅಷ್ಟೇ.

ಕೆಲವು ಕಟ್ಟಡಗಳಲ್ಲಿ ಇಡೀ ನೋಟವೇ ಕತೆ ಹೇಳಿಬಿಡುತ್ತದೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ಊರಿನ ಡೊಮಿನಿಕನ್ ಚರ್ಚ್ 13ನೇ ಶತಮಾನದ್ದು, 2006ರಿಂದ ಪುಸ್ತಕದಂಗಡಿ. ಕಲ್ಲಿನ ಕಮಾನುಗಳ ಕೆಳಗೆ ಒಂದು ಬದಿಗೆ ಕಪ್ಪು ಉಕ್ಕಿನ ಬಹುಮಹಡಿ ಪುಸ್ತಕದ ಕಪಾಟು ನಿಂತಿದೆ. ವೈಡ್ ಲೆನ್ಸಿನಲ್ಲಿ ಎರಡೂ ಒಟ್ಟಿಗೆ ಬಂದರೆ ಬೇರೆ ಮಾತು ಬೇಕಿಲ್ಲ. ಕೇಪ್‌ಟೌನ್‌ನಲ್ಲಿ ಹಳೇ ಧಾನ್ಯದ ಕಣಜವನ್ನು ಕೊರೆದು 2017ರಲ್ಲಿ ಝೈಟ್ಸ್ ವಸ್ತುಸಂಗ್ರಹಾಲಯ ಮಾಡಿದರು. ಅಲ್ಲಿನ 42 ಕಾಂಕ್ರೀಟ್ ಕೊಳವೆಗಳನ್ನು ಸೀಳಿದ ಅಂಚುಗಳು ನಡುಮನೆಯಿಂದ ತಲೆಯೆತ್ತಿದರೆ ಕಾಣುತ್ತವೆ. ಅಂಥ ಕಡೆ ಕ್ಯಾಮೆರಾವನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ವಾಲುವಿಕೆಗೆ ಹೆದರಬೇಡಿ.

ಲಂಡನ್ನಿನ ಟೇಟ್ ಮಾಡರ್ನ್ ಬೇರೆ ಥರ. 1981ರಲ್ಲಿ ನಿಂತುಹೋದ ವಿದ್ಯುತ್ ಸ್ಥಾವರ 2000ದಲ್ಲಿ ಗ್ಯಾಲರಿಯಾಯಿತು. ಅದರ ಟರ್ಬೈನ್ ಹಾಲ್ ಸುಮಾರು 35 ಮೀಟರ್ ಎತ್ತರ. ಖಾಲಿ ಹಾಲ್ ತೆಗೆದರೆ ಆ ಎತ್ತರ ಫೋಟೋದಲ್ಲಿ ಗೊತ್ತೇ ಆಗುವುದಿಲ್ಲ. ಒಬ್ಬ ಮನುಷ್ಯ ಚೌಕಟ್ಟಿನೊಳಗೆ ನಡೆದು ಬರುವವರೆಗೆ ಕಾಯಬೇಕು. ರೂಪ ಬದಲಿಸಿದ ಜಾಗದಲ್ಲಿ ಜನರನ್ನು ತಪ್ಪಿಸಿ ತೆಗೆಯುವವರನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಆ ಕಟ್ಟಡಕ್ಕೆ ಎರಡನೇ ಬಾಳು ಕೊಟ್ಟವರೇ ಅವರು ತಾನೇ?

ಇಡೀ ನೋಟದಲ್ಲಿ ಹಳೆಯದು ಮುಚ್ಚಿಹೋಗಿದ್ದರೆ ವಿವರ ಹುಡುಕಿ. ಇಲ್ಲಿ 50 ಅಥವಾ 85 ಎಂಎಂ ಲೆನ್ಸ್ ವೈಡ್‌ಗಿಂತ ಒಳ್ಳೆಯದು. ಮುಚ್ಚಿದ ಬಾಗಿಲು ಎಲ್ಲ ಕಡೆ ಸಿಗುವ ವಿವರ. ಗೋಡೆಯಲ್ಲಿ ಕಮಾನಿನ ಆಕಾರಕ್ಕೆ ಇಟ್ಟಿಗೆ ನಿಲ್ಲಿಸಿದ ಸಾಲು ಕಾಣುತ್ತದೆ. ಅದರೊಳಗೆ ತುಂಬಿದ ಇಟ್ಟಿಗೆಯ ಬಣ್ಣ ಬೇರೆ, ಸಂದಿನ ಗಾರೆಯ ದಪ್ಪ ಬೇರೆ. ಹೊಸ ಸಾಲು ಹಳೇ ಸಾಲಿಗೆ ಒಂದೆರಡು ಬೆರಳಷ್ಟು ತಪ್ಪಿ ಕೂತಿರುತ್ತದೆ. ನೆಲದ ಹತ್ತಿರ ಹೊಸ್ತಿಲು ಕಲ್ಲು ಹಾಗೇ ಉಳಿದಿದ್ದರೆ ಅದರ ನಡುಭಾಗ ಕಾಲಿನ ಸವೆತಕ್ಕೆ ತಗ್ಗಾಗಿರುತ್ತದೆ. ಆ ತಗ್ಗು ನೇರ ಗೋಡೆಗೆ ಹೋಗಿ ನಿಲ್ಲುವುದನ್ನು ತೋರಿಸಿದರೆ ಸಾಕು. ಇದಕ್ಕೆ ಗೋಡೆಗೆ ಸಮಾನಾಂತರವಾಗಿ ನಿಂತು ಎಫ್/8ರಲ್ಲಿ ತೆಗೆಯಿರಿ, ಬೆಳಕು ಪಕ್ಕದಿಂದ ಬರಲಿ. ನ್ಯೂಯಾರ್ಕಿನ ಹೈ ಲೈನ್ ಉದ್ಯಾನದಲ್ಲೂ ಹೀಗೇ. 1980ರಲ್ಲಿ ಕೊನೆಯ ರೈಲು ಓಡಿದ ಎತ್ತರದ ಹಳಿ 2009ರಿಂದ ನಡೆದಾಡುವ ತೋಟ. ಗಿಡಗಳ ನಡುವೆ ಉಳಿಸಿದ ಹಳಿಯ ತುಂಡು ಚೌಕಟ್ಟಿಗೆ ಬರದಿದ್ದರೆ ಅದು ಬರೀ ಹೂದೋಟ.

ಕೈಯಲ್ಲೋ, ಟ್ರೈಪಾಡಿನಲ್ಲೋ? ಫೋನೋ, ಕ್ಯಾಮೆರಾವೋ?

ಈಗ ಸಲಕರಣೆ. ನಿಂತಲ್ಲೇ ನಿಂತ ವಸ್ತುಗಳಿಗೆ ಟ್ರೈಪಾಡ್ ಕೊಡುವಷ್ಟನ್ನು ದುಬಾರಿ ಕ್ಯಾಮೆರಾ ಕೊಡುವುದಿಲ್ಲ. ಕತ್ತಲಲ್ಲಿ ಫುಲ್ ಫ್ರೇಮಿಗೆ ಇರುವ ಮೇಲುಗೈ ದೊಡ್ಡದೇ, ಆದರೆ ಎರಡು ಸೆಕೆಂಡ್ ಶಟರ್ ತೆರೆದಿಡಲು ಆಗುವಾಗ ಅದು ಬಹುಪಾಲು ಕರಗಿಹೋಗುತ್ತದೆ. ಎಪಿಎಸ್-ಸಿ ಕ್ಯಾಮೆರಾ ಮತ್ತು ಗಟ್ಟಿ ಟ್ರೈಪಾಡ್ ಒಂದು ಕಡೆ, ಟ್ರೈಪಾಡ್ ಇಲ್ಲದ ಫುಲ್ ಫ್ರೇಮ್ ಇನ್ನೊಂದು ಕಡೆ ಇಟ್ಟರೆ ನನ್ನ ಆಯ್ಕೆ ಮೊದಲನೆಯದು. ಶಿಫ್ಟ್ ಲೆನ್ಸಿಗೆ ಅಂತಲೇ ಕೊಳ್ಳುವವರಿಗೆ ಮಾತ್ರ ಫುಲ್ ಫ್ರೇಮ್ ಅಗತ್ಯ.

ಆದರೆ ಎಷ್ಟೋ ವಸ್ತುಸಂಗ್ರಹಾಲಯಗಳಲ್ಲಿ ಟ್ರೈಪಾಡ್ ಒಳಗೆ ಬಿಡುವುದಿಲ್ಲ. ಆಗ ಕ್ಯಾಮೆರಾದ ಅಲುಗಾಟ ತಡೆಯುವ ಸೌಲಭ್ಯ ನಂಬಿ, ಕಂಬಕ್ಕೆ ಒರಗಿ, ಒಂದೇ ಚೌಕಟ್ಟನ್ನು ಹಲವು ಸಲ ತೆಗೆಯಿರಿ. ಒಂದಾದರೂ ಸ್ಪಷ್ಟವಾಗಿರುತ್ತದೆ.

ಫೋನ್ ಬಗ್ಗೆ ತಾತ್ಸಾರ ಬೇಡ. ಅದರ ಮುಖ್ಯ ಲೆನ್ಸ್ ಸುಮಾರು 24ರಿಂದ 26 ಎಂಎಂಗೆ ಸಮ. ಹಲವು ಫ್ರೇಮ್ ಸೇರಿಸಿ ಒಂದು ಮಾಡುವುದರಿಂದ, ಕಿಟಕಿಯ ಬಿಳುಪೂ ಮೂಲೆಯ ಕತ್ತಲೂ ಇರುವ ಒಳಾಂಗಣ ಅದರಲ್ಲಿ ಸುಲಭವಾಗಿ ಬರುತ್ತದೆ. ಅದು ಸೋಲುವುದು ವಿವರದಲ್ಲಿ. ಹಳೇ ಗಾರೆಯ ಒರಟು, ದೂರದ ಮರದ ಎಲೆ ಇವನ್ನು ಫೋನಿನ ಸಾಫ್ಟ್‌ವೇರ್ ನಯಮಾಡಿ, ಬಣ್ಣ ಬಳಿದ ಹಾಗೆ ಮಾಡಿಬಿಡುತ್ತದೆ. ಪರದೆಯಲ್ಲಷ್ಟೇ ನೋಡುವವರಿಗೆ ಅಡ್ಡಿಯಿಲ್ಲ. ಗೋಡೆಗೆ ಹಾಕುವ ಪ್ರಿಂಟ್ ಬೇಕಾದರೆ ಕ್ಯಾಮೆರಾ.

ಕ್ಯಾಮೆರಾದಲ್ಲಾದರೆ ರಾ ಫೈಲನ್ನೇ (ಸೆನ್ಸರ್ ಕಂಡಿದ್ದನ್ನು ಹಾಗೇ ಇಟ್ಟ ಫೈಲ್) ಉಳಿಸಿ. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟ, 14 ಬಿಟ್ ರಾದಲ್ಲಿ 16,384. ಕಿಟಕಿ ಇರುವ ಕತ್ತಲೆ ಕೋಣೆಯ ನೆರಳನ್ನು ಆಮೇಲೆ ಎತ್ತುವಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಹಳೇ ಫೋಟೋ ತೆಗೆದ ಜಾಗದಿಂದಲೇ ಮತ್ತೆ ತೆಗೆಯುವುದು

ಹಳೇ ಫೋಟೋ ಒಂದು ಸಿಕ್ಕರೆ, ಅದೇ ಜಾಗದಲ್ಲಿ ನಿಂತು ಇವತ್ತಿನದನ್ನು ತೆಗೆಯುವ ದಾರಿಯೂ ಇದೆ. ಅಮೆರಿಕದಲ್ಲಿ 1977ರಿಂದ 1979ರವರೆಗೆ ಛಾಯಾಗ್ರಾಹಕ ಮಾರ್ಕ್ ಕ್ಲೆಟ್ ಮತ್ತು ಸಂಗಡಿಗರು 19ನೇ ಶತಮಾನದ ಸರ್ವೆ ಫೋಟೋಗಳಿಗೆ ಹೀಗೆ ಜೋಡಿ ತೆಗೆದರು. ಬೆಟ್ಟಕ್ಕೂ ಕಟ್ಟಡಕ್ಕೂ ಇದು ಒಗ್ಗುತ್ತದೆ.

ಹಳೇ ಲೆನ್ಸ್ ಎಷ್ಟು ಎಂಎಂ ಅಂತ ತಲೆ ಕೆಡಿಸಿಕೊಳ್ಳಬೇಡಿ. ಅವರಿಗಿಂತ ತುಸು ವೈಡ್ ಲೆನ್ಸ್ ಹಾಕಿದರೆ ಆಮೇಲೆ ಕತ್ತರಿಸಬಹುದು. ನಿಲ್ಲುವ ಜಾಗ ಮಾತ್ರ ತಪ್ಪಬಾರದು. ಹಳೇ ಫೋಟೋದಲ್ಲಿ ಹತ್ತಿರದ ಒಂದು ಅಂಚು ದೂರದ ಒಂದು ಅಂಚಿಗೆ ಎಲ್ಲಿ ತಾಗುತ್ತದೆ ನೋಡಿ. ಉದಾಹರಣೆಗೆ, ಎದುರಿನ ಗೋಡೆಯ ಮೂಲೆ ಹಿಂದಿನ ಚಿಮಣಿಯ ಎಡಬದಿಯನ್ನು ಮುಟ್ಟುವಂತಿರಬಹುದು. ಈಗ ನಿಂತಲ್ಲಿಂದ ಚಿಮಣಿ ಪೂರ್ತಿ ಬಿಡಿಯಾಗಿ ಕಂಡರೆ, ಗೋಡೆಯ ಮೂಲೆ ಅದನ್ನು ಮುಟ್ಟುವವರೆಗೆ ಪಕ್ಕಕ್ಕೆ ಸರಿಯಿರಿ. ಚೌಕಟ್ಟಿನ ಇನ್ನೊಂದು ಬದಿಯಲ್ಲಿ ಇಂಥದ್ದೇ ಎರಡನೇ ಜೋಡಿ ಹುಡುಕಿ. ಎರಡೂ ಒಟ್ಟಿಗೆ ಹೊಂದುವ ಜಾಗ ಸಿಕ್ಕರೆ ಅದೇ ಹಳೇ ಕ್ಯಾಮೆರಾ ನಿಂತ ಜಾಗ. ಆಮೇಲೆ ನೆರಳು ನೋಡಿ ತಿಂಗಳು, ಹೊತ್ತು ಅಂದಾಜು ಮಾಡಿ ಮತ್ತೆ ಬನ್ನಿ.

ನಿಮ್ಮ ಫೋಟೋಗಳಿಗೂ ಇಂಥ ಟಿಪ್ಪಣಿ ಇಡಿ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಇಕ್ಕಟ್ಟಾದ ಬೀದಿಯಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಅಂಕಿಯನ್ನು ನೆಚ್ಚದೆ ಮಾತಿನಲ್ಲೇ ಬರೆದಿಡಿ: ಯಾವ ಮೆಟ್ಟಿಲ ಮೇಲೆ ನಿಂತಿದ್ದೆ, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು, ಯಾವ ಕಂಬ ಯಾವ ಕಿಟಕಿಗೆ ತಾಗಿತ್ತು.